ಫಿಲ್ಟರ್ ಸರ್ಕ್ಯೂಟಿನ ಟ್ರಾನ್ಸ್‌ಫರ್ ಫಂಕ್ಷನ್ ಬಿಡಿಸುವ ಬಗೆ: ಬಯಲಾಟದ ಮೈಕ್‌ಸೆಟ್ಟಿನಿಂದ ಆರಂಭಿಸಿ

ಕಾರವಾರದ ಕಡಲತೀರದಲ್ಲಿ ಸಂಜೆ ಬಯಲಾಟಕ್ಕೆ ಮೈಕ್ ಕಟ್ಟಿದವರಿಗೆ ಎರಡು ಕಾಟಗಳು ಚೆನ್ನಾಗಿ ಗೊತ್ತು. ಒಂದು, ಪಡುವಣದಿಂದ ಬೀಸುವ ಗಾಳಿ ಮೈಕಿನ ಮೂತಿಗೆ ಬಡಿದು ಸ್ಪೀಕರಿನಲ್ಲಿ ಗುಡುಗುಡು ಎನ್ನುವುದು. ಇನ್ನೊಂದು, ಕರೆಂಟಿನ 50 ಹರ್ಟ್ಸ್ ಎಲ್ಲಿಂದಲೋ ನುಸುಳಿ, ಭಾಗವತರು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲೆಲ್ಲ ಗುಂಯ್ ಎಂದು ಕೇಳಿಸುವುದು. ಇವೆರಡೂ ತಗ್ಗಿನ ಆವೃತ್ತಿಯ ಸದ್ದುಗಳು. ಯಕ್ಷಗಾನದ ಬಡಗುತಿಟ್ಟಿನ ಭಾಗವತಿಕೆಯಾದರೋ ಸಾಮಾನ್ಯವಾಗಿ ಏರು ಶ್ರುತಿಯದು, ಚಂಡೆಯ ಪೆಟ್ಟು ಇನ್ನೂ ಮೇಲಿನದು. ಆದ್ದರಿಂದ ತಗ್ಗನ್ನು ತಡೆದು ಮೇಲಿನದನ್ನು ಬಿಡುವ ಒಂದು ಸಣ್ಣ ಸರ್ಕ್ಯೂಟ್, ಅಂದರೆ ಒಂದು ಕೆಪಾಸಿಟರ್ ಮತ್ತು ಒಂದು ರೆಸಿಸ್ಟರ್, ಮಿಕ್ಸರ್ ಹಾಗೂ ಆಂಪ್ಲಿಫೈಯರ್‌ಗಳ ನಡುವೆ ಇದ್ದರೆ ಕಾಟ ಬಹುಪಾಲು ಇಳಿಯುತ್ತದೆ. ಎಷ್ಟು ಇಳಿಯುತ್ತದೆ, ಹಾಡಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದನ್ನು ಬೆಸುಗೆ ಹಾಕುವ ಮೊದಲೇ ಹೇಳಬಲ್ಲ ಗಣಿತವೇ ಟ್ರಾನ್ಸ್‌ಫರ್ ಫಂಕ್ಷನ್.

ಹೊರಬರುವ ವೋಲ್ಟೇಜನ್ನು ಒಳಹೋಗುವ ವೋಲ್ಟೇಜಿನಿಂದ ಭಾಗಿಸಿದರೆ ಸಿಗುವ ಬೀಜೋಕ್ತಿ ಅದು. ಅದನ್ನು ಬಿಡಿಸಲು ಬೇಕಾದದ್ದು ಪಿಯುಸಿ ಮಟ್ಟದ ಬೀಜಗಣಿತ ಮತ್ತು ಸಂಕೀರ್ಣ ಸಂಖ್ಯೆಗಳ ಪರಿಚಯ ಮಾತ್ರ. ಡಿಪ್ಲೊಮಾ ವಿದ್ಯಾರ್ಥಿಗಳು ಇಲ್ಲಿ ಎಡವುವುದು ಬೀಜಗಣಿತದಲ್ಲಲ್ಲ. ಸರ್ಕ್ಯೂಟಿನ ಮುಂದೆ ಮತ್ತು ಹಿಂದೆ ಏನು ಸೇರಿಕೊಂಡಿದೆ ಎಂಬುದನ್ನು ಲೆಕ್ಕದಿಂದ ಬಿಟ್ಟುಬಿಡುವುದರಲ್ಲಿ. ಹಾಗಾಗಿ ಆ ಭಾಗಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಬಿಡಿಭಾಗಗಳಿಗೆ ಇಂಪೀಡೆನ್ಸ್ ಬರೆಯುವುದು

ರೆಸಿಸ್ಟರಿನ ಬೆಲೆಯನ್ನು ಆರ್, ಕೆಪಾಸಿಟರಿನದನ್ನು ಸಿ, ಕಾಯಿಲಿನದನ್ನು ಎಲ್ ಎಂದು ಕರೆಯೋಣ. ಒಳಬರುವ ವೋಲ್ಟೇಜ್ ವಿ₁, ಹೊರಬರುವುದು ವಿ₂. ಬದಲಾಗುವ ಕರೆಂಟಿಗೆ ಒಂದು ಭಾಗ ಒಡ್ಡುವ ತಡೆಯೇ ಇಂಪೀಡೆನ್ಸ್. ಮೂರು ಭಾಗಗಳದು ಹೀಗಿರುತ್ತದೆ:

ರೆಸಿಸ್ಟರ್: ಆರ್
ಕೆಪಾಸಿಟರ್: 1 / (ಎಸ್·ಸಿ)
ಕಾಯಿಲ್: ಎಸ್·ಎಲ್

ಇಲ್ಲಿನ ಎಸ್ ಲಾಪ್ಲಾಸ್ ಪರಿವರ್ತನೆಯ ಚರಾಕ್ಷರ. ಕೆಪಾಸಿಟರಿನ ಕರೆಂಟ್ ಅದರ ವೋಲ್ಟೇಜ್ ಬದಲಾಗುವ ವೇಗಕ್ಕೆ ಅನುಪಾತದಲ್ಲಿರುವುದರಿಂದ ಅದರ ಸಮೀಕರಣದಲ್ಲಿ ಕಾಲದ ಅವಕಲನ ಬರುತ್ತದೆ; ಆರಂಭದಲ್ಲಿ ಚಾರ್ಜ್ ಸೊನ್ನೆ ಎಂದು ಒಪ್ಪಿಕೊಂಡರೆ, ಅವಕಲನ ಮಾಡುವ ಬದಲು ಎಸ್‌ನಿಂದ ಗುಣಿಸಿದರೆ ಸಾಕಾಗುತ್ತದೆ. ಅವಕಲ ಸಮೀಕರಣ ಹೀಗೆ ಸಾಮಾನ್ಯ ಬೀಜಗಣಿತವಾಗಿ ಮಾರ್ಪಡುವುದೇ ಈ ವಿಧಾನದ ಲಾಭ. ಇಂಪೀಡೆನ್ಸ್ ಎಂಬ ಹೆಸರನ್ನು 1886ರಲ್ಲಿ ಬಳಕೆಗೆ ತಂದ ಆಲಿವರ್ ಹೆವಿಸೈಡ್ ತಂತಿ ಕಚೇರಿಯ ನೌಕರಿಯಿಂದ ಬಂದವನು. ಈ ಗಣಿತ ಕಾಗದದ ಮೇಲೆ ಅಮೂರ್ತವಾಗಿ ಕಂಡರೂ ಅದರ ಬೇರು ಕೇಬಲ್ ದುರಸ್ತಿಯಂಥ ಕೆಲಸದಲ್ಲಿದೆ.

ಎರಡನೆಯ ಹೆಜ್ಜೆ: ಲೆಕ್ಕಕ್ಕೆ ಮೊದಲು ಎರಡು ತುದಿಗಳನ್ನು ನೋಡುವುದು

ಇದನ್ನು ಹೆಚ್ಚಿನವರು ಲೆಕ್ಕ ಮುಗಿದ ಮೇಲೆ ಮಾಡುತ್ತಾರೆ, ಅಥವಾ ಮಾಡುವುದೇ ಇಲ್ಲ. ನನ್ನ ಮಟ್ಟಿಗೆ ಇದು ಮೊದಲೇ ಆಗಬೇಕಾದ ಕೆಲಸ. ಆವೃತ್ತಿ ಸೊನ್ನೆಯಾದಾಗ ಕೆಪಾಸಿಟರ್ ಕಡಿದ ತಂತಿಯಂತೆ, ಕಾಯಿಲ್ ಬರಿಯ ತಂತಿಯಂತೆ ವರ್ತಿಸುತ್ತದೆ. ಆವೃತ್ತಿ ಅನಂತವಾದಾಗ ಇವೆರಡರ ಪಾತ್ರ ಅದಲುಬದಲಾಗುತ್ತದೆ.

ನಮ್ಮ ಸರ್ಕ್ಯೂಟಿನಲ್ಲಿ ಸಿಗ್ನಲ್ ಮೊದಲು ಕೆಪಾಸಿಟರನ್ನು ದಾಟುತ್ತದೆ, ಆ ಬಳಿಕ ರೆಸಿಸ್ಟರ್ ಅರ್ತ್‌ಗೆ ಇಳಿಯುತ್ತದೆ, ರೆಸಿಸ್ಟರಿನ ಎರಡು ತುದಿಗಳ ನಡುವೆ ವಿ₂ ಸಿಗುತ್ತದೆ. ಆವೃತ್ತಿ ಸೊನ್ನೆಯಾದಾಗ ತಂತಿ ಕಡಿದಂತಾಗಿ ವಿ₂ ಸೊನ್ನೆ. ಆವೃತ್ತಿ ಬಹಳ ಹೆಚ್ಚಾದಾಗ ವಿ₂ ಮತ್ತು ವಿ₁ ಒಂದೇ. ಇಷ್ಟನ್ನು ಕಾಗದದ ಮೂಲೆಯಲ್ಲಿ ಬರೆದಿಟ್ಟುಕೊಂಡರೆ, ಬರುವ ಉತ್ತರ ಈ ಎರಡು ಮಾತಿಗೆ ತಪ್ಪಿದಾಗ ಎಲ್ಲೋ ಚಿಹ್ನೆ ಕೆಟ್ಟಿದೆ ಎಂದು ತಕ್ಷಣ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ವೋಲ್ಟೇಜ್ ಹಂಚಿಕೆಯ ಸೂತ್ರ

ಸಾಲಿನಲ್ಲಿರುವ ಇಂಪೀಡೆನ್ಸ್ ಝಡ್₁, ಅರ್ತ್‌ಗೆ ಇಳಿಯುವುದು ಝಡ್₂ ಆಗಿದ್ದರೆ, ಎರಡು ರೆಸಿಸ್ಟರ್‌ಗಳ ನಡುವೆ ವೋಲ್ಟೇಜ್ ಹಂಚಿಹೋಗುವ ನಿಯಮವೇ ಇಲ್ಲಿಯೂ ಸಲ್ಲುತ್ತದೆ:

ಎಚ್(ಎಸ್) = ವಿ₂ / ವಿ₁ = ಝಡ್₂ / (ಝಡ್₁ + ಝಡ್₂)

ಝಡ್₁ ಬದಲು 1/(ಎಸ್·ಸಿ), ಝಡ್₂ ಬದಲು ಆರ್ ಇಟ್ಟರೆ

ಎಚ್(ಎಸ್) = ಆರ್ / (ಆರ್ + 1/(ಎಸ್·ಸಿ))

ಅಂಶ ಮತ್ತು ಛೇದ ಎರಡನ್ನೂ ಎಸ್·ಸಿ ಇಂದ ಗುಣಿಸಿ ಒಳಗಿನ ಭಿನ್ನರಾಶಿಯನ್ನು ತೆಗೆದರೆ

ಎಚ್(ಎಸ್) = ಎಸ್·ಆರ್·ಸಿ / (1 + ಎಸ್·ಆರ್·ಸಿ)

ಛೇದದಲ್ಲಿ ಎಸ್ ಇಲ್ಲದ ಪದ 1 ಆಗುವಂತೆ ಬರೆಯುವ ಅಭ್ಯಾಸ ಒಳ್ಳೆಯದು. ಹಾಗೆ ಬರೆದರೆ ಆರ್·ಸಿ ಎಂಬ ಗುಣಲಬ್ಧ ಎದ್ದು ಕಾಣುತ್ತದೆ. ಓಮನ್ನು ಫ್ಯಾರಡ್‌ನಿಂದ ಗುಣಿಸಿದರೆ ಸೆಕೆಂಡ್ ಬರುತ್ತದೆ, ಎಸ್‌ನ ಮಾನ ಸೆಕೆಂಡಿನ ವಿಲೋಮ, ಹೀಗಾಗಿ ಎಸ್·ಆರ್·ಸಿ ಗೆ ಮಾನವೇ ಇಲ್ಲ ಮತ್ತು ಅದನ್ನು 1ರ ಜೊತೆ ಕೂಡಿಸುವುದು ನ್ಯಾಯ. ಛೇದದಲ್ಲಿ ಎಲ್ಲಾದರೂ 1 + ಎಸ್·ಆರ್ ಎಂದು ಬಂದಿದ್ದರೆ, ಅಕ್ಕಿಗೆ ಮೈಲಿಯನ್ನು ಕೂಡಿಸಿದಂತಾಗಿದೆ ಎಂದು ತಿಳಿದು ಹಿಂದಕ್ಕೆ ಹೋಗಿ ಹುಡುಕಬೇಕು.

ಎರಡು ಭಾಗಗಳ ಜಾಗ ಬದಲಾಯಿಸಿ, ರೆಸಿಸ್ಟರನ್ನು ಸಾಲಿಗೂ ಕೆಪಾಸಿಟರನ್ನು ಅರ್ತ್‌ಗೂ ಹಾಕಿದರೆ ಅದೇ ಹಾದಿಯಲ್ಲಿ 1 / (1 + ಎಸ್·ಆರ್·ಸಿ) ಸಿಗುತ್ತದೆ. ಅದು ತಗ್ಗನ್ನು ಬಿಟ್ಟು ಮೇಲಿನದನ್ನು ತಡೆಯುವ ಲೋ-ಪಾಸ್. ಛೇದ ಬದಲಾಗಲಿಲ್ಲ ಎಂಬುದನ್ನು ಗಮನಿಸಿ; ಛೇದ ಇಡೀ ಕುಣಿಕೆಗೆ ಸೇರಿದ್ದು, ಅಂಶ ಮಾತ್ರ ವಿ₂ವನ್ನು ಎಲ್ಲಿಂದ ತೆಗೆದೆವು ಎಂಬುದನ್ನು ಹೇಳುತ್ತದೆ.

ನಾಲ್ಕನೆಯ ಹೆಜ್ಜೆ: ಸಂಖ್ಯೆ ಹಾಕುವುದು

ಸ್ಥಿರವಾದ ಒಂದೇ ಆವೃತ್ತಿಯ ಸದ್ದಿಗೆ ಎಸ್ ಬದಲು ಜೆ·ಒಮೆಗಾ ಇಡುತ್ತೇವೆ. ಒಮೆಗಾ ಎಂದರೆ 2·ಪೈ ಸಲ ಆವೃತ್ತಿ, ಜೆ ಎಂದರೆ ಋಣ ಒಂದರ ವರ್ಗಮೂಲ. ಒಮೆಗಾ·ಆರ್·ಸಿ ಎಂಬುದನ್ನು ಚಿಕ್ಕದಾಗಿ ಕ್ಷ ಎನ್ನೋಣ. ಆಗ

ಎಚ್ = ಜೆ·ಕ್ಷ / (1 + ಜೆ·ಕ್ಷ)
ಪರಿಮಾಣ = ಕ್ಷ / √(1 + ಕ್ಷ²)

ಕ್ಷ = 1 ಆದಾಗ ಪರಿಮಾಣ 0.707, ಅಂದರೆ ಸುಮಾರು 3 ಡೆಸಿಬೆಲ್ ಇಳಿತ. ಇದೇ ಕಟ್-ಆಫ್, ಅಂದರೆ ಫಿಲ್ಟರ್ ಬಿಡುವ ಮತ್ತು ತಡೆಯುವ ಆವೃತ್ತಿಗಳ ನಡುವಿನ ಗಡಿ. ಅದರ ಆವೃತ್ತಿ 1 / (2·ಪೈ·ಆರ್·ಸಿ).

ಆರ್ 10 ಕಿಲೋಓಮ್, ಸಿ 0.1 ಮೈಕ್ರೊಫ್ಯಾರಡ್ ತೆಗೆದುಕೊಳ್ಳಿ. ಮೈಮೇಲೆ 104 ಎಂದು ಅಚ್ಚಾಗಿರುವ ಕೆಪಾಸಿಟರ್ ಅದು. ಗುಣಲಬ್ಧ 0.001 ಸೆಕೆಂಡ್, ಕಟ್-ಆಫ್ 159 ಹರ್ಟ್ಸ್. 50 ಹರ್ಟ್ಸ್‌ನ ಗುಂಯ್‌ಗೆ ಕ್ಷ = 0.314, ಪರಿಮಾಣ 0.30, ಡೆಸಿಬೆಲ್‌ನಲ್ಲಿ 10.5ರಷ್ಟು ಇಳಿತ. ಗಾಳಿಯ 20 ಹರ್ಟ್ಸ್‌ನ ಗುಡುಗಿಗೆ 18 ಡೆಸಿಬೆಲ್ ಇಳಿತ. 500 ಹರ್ಟ್ಸ್‌ನ ಹಾಡಿನ ಸ್ವರಕ್ಕೆ ಅರ್ಧ ಡೆಸಿಬೆಲ್‌ಗಿಂತ ಕಡಿಮೆ, ಅದು ಯಾರ ಕಿವಿಗೂ ತಿಳಿಯದು. ಮದ್ದಲೆಯ ತಗ್ಗಿನ ನಾದ ಮಾತ್ರ ತುಸು ತೆಳುವಾಗಬಹುದು, ಆದ್ದರಿಂದ ಮದ್ದಲೆಗೆ ಬೇರೆ ಮೈಕ್ ಇದ್ದರೆ ಫಿಲ್ಟರನ್ನು ಭಾಗವತರ ಸಾಲಿಗಷ್ಟೇ ಸೇರಿಸುವುದು ಲೇಸು.

ಫೇಸಿನ ಲೆಕ್ಕ ಬೇಕಾದವರಿಗೆ: ಅಂಶದ ಕೋನ 90 ಡಿಗ್ರಿ, ಛೇದದ ಕೋನ ಕ್ಷದ ವಿಲೋಮ ಟ್ಯಾನ್. ಎರಡರ ವ್ಯತ್ಯಾಸ 50 ಹರ್ಟ್ಸ್‌ನಲ್ಲಿ 72.6 ಡಿಗ್ರಿ ಬರುತ್ತದೆ. ಮೈಕ್‌ಸೆಟ್ಟಿನ ಕೆಲಸಕ್ಕೆ ಇದರ ಅಗತ್ಯ ಕಡಿಮೆ.

ಐದನೆಯ ಹೆಜ್ಜೆ: ಹಿಂದೆ ಏನಿದೆ, ಮುಂದೆ ಏನಿದೆ

ಮೇಲಿನ ಸೂತ್ರ ಎರಡು ಊಹೆಗಳ ಮೇಲೆ ನಿಂತಿದೆ. ವಿ₁ ಕೊಡುವ ಯಂತ್ರಕ್ಕೆ ತನ್ನದೇ ಆದ ರೋಧ ಇಲ್ಲ ಎಂಬುದು ಒಂದು, ವಿ₂ ತೆಗೆದುಕೊಳ್ಳುವ ಯಂತ್ರ ಕರೆಂಟನ್ನೇ ಎಳೆಯುವುದಿಲ್ಲ ಎಂಬುದು ಇನ್ನೊಂದು. ವಾಸ್ತವದಲ್ಲಿ ಎರಡೂ ಪೂರ್ತಿ ನಿಜವಲ್ಲ.

ಮಿಕ್ಸರಿನ ಔಟ್‌ಪುಟ್ ರೋಧ 600 ಓಮ್ ಇದೆ ಎನ್ನೋಣ. ಅದು ಕೆಪಾಸಿಟರಿನ ಸಾಲಿನಲ್ಲೇ ಸೇರುತ್ತದೆ, ಹಾಗಾಗಿ ಝಡ್₁ ಈಗ 600 + 1/(ಎಸ್·ಸಿ). ಅದೇ ಹಂಚಿಕೆಯ ಸೂತ್ರ ಹಾಕಿದರೆ ಅಂಶ ಎಸ್·ಆರ್·ಸಿ ಆಗಿಯೇ ಉಳಿದು, ಛೇದದಲ್ಲಿ ಆರ್ ಬದಲು 10,600 ಬರುತ್ತದೆ. ಕಟ್-ಆಫ್ 150 ಹರ್ಟ್ಸ್‌ಗೆ ಇಳಿಯುತ್ತದೆ, ಮೇಲಿನ ಆವೃತ್ತಿಗಳಿಗೂ ಪರಿಮಾಣ 0.943ಕ್ಕೆ ನಿಲ್ಲುತ್ತದೆ. ಇದು ಸಹಿಸಬಹುದಾದ ವ್ಯತ್ಯಾಸ.

ಮುಂದಿನ ಬದಿಯದು ಹಾಗಲ್ಲ. ಆಂಪ್ಲಿಫೈಯರಿನ ಇನ್‌ಪುಟ್ ರೋಧವೂ 10 ಕಿಲೋಓಮ್ ಆಗಿದ್ದರೆ ಅದು ನಮ್ಮ ರೆಸಿಸ್ಟರಿಗೆ ಸಮಾಂತರವಾಗಿ ಕೂತು ಒಟ್ಟು 5 ಕಿಲೋಓಮ್ ಆಗುತ್ತದೆ, ಕಟ್-ಆಫ್ ಇಮ್ಮಡಿಯಾಗಿ 318 ಹರ್ಟ್ಸ್‌ಗೆ ಏರುತ್ತದೆ. ಶಿರಸಿಯ ಕಡೆಯ ಒಂದು ಆಟದಲ್ಲಿ ನಾನು ಇದನ್ನೇ ಮರೆತು, ಮನೆಯಲ್ಲಿ ಸರಿಯಾಗಿದ್ದ ಫಿಲ್ಟರಿನಿಂದ ಭಾಗವತರ ದನಿ ತಗಡಿನ ಡಬ್ಬಿಯೊಳಗಿನಿಂದ ಬಂದಂತಾಗಿ, ಆಟದ ಆರಂಭದ ಸಭಾಲಕ್ಷಣ ಮುಗಿಯುವುದರೊಳಗೆ ಅದನ್ನು ಕಿತ್ತು ಹಾಕಬೇಕಾಯಿತು. ಲೆಕ್ಕ ಹಾಕಿದ್ದು ಸರಿಯಿತ್ತು. ಲೆಕ್ಕದೊಳಗೆ ಆಂಪ್ಲಿಫೈಯರ್ ಇರಲಿಲ್ಲ.

ಎರಡು ಹಂತಗಳನ್ನು ಜೋಡಿಸುವಾಗ

ಒಂದು ಹಂತದ ಇಳಿತ ಸಾಲದೆಂದು ಅದೇ ಬೆಲೆಯ ಇನ್ನೊಂದು ಹಂತವನ್ನು ಮುಂದಕ್ಕೆ ಜೋಡಿಸಿದರೆ ಟ್ರಾನ್ಸ್‌ಫರ್ ಫಂಕ್ಷನ್ ಏನಾಗುತ್ತದೆ? ಒಂದನ್ನು ಇನ್ನೊಂದರಿಂದ ಗುಣಿಸಿದರಾಯಿತು ಎಂದು ಬಹುಮಂದಿ ಬರೆಯುತ್ತಾರೆ. ಅದು ತಪ್ಪು, ಏಕೆಂದರೆ ಎರಡನೆಯ ಹಂತ ಮೊದಲನೆಯದಕ್ಕೆ ಲೋಡ್ ಆಗಿ ಕೂತಿದೆ. ಇಲ್ಲಿ ಹಂಚಿಕೆಯ ಸೂತ್ರವನ್ನು ಬದಿಗಿಟ್ಟು ಕಿರ್ಕಾಫ್‌ನ ಕರೆಂಟ್ ನಿಯಮವನ್ನು ಹಿಡಿಯಬೇಕು.

ನಡುವಿನ ಸಂಧಿಯ ವೋಲ್ಟೇಜ್ ವಿ-ನಡು ಎನ್ನೋಣ, ಎಸ್·ಆರ್·ಸಿ ಯನ್ನು ಯ ಎಂದು ಬರೆಯೋಣ. ನಡುವಿನ ಸಂಧಿಗೆ ಮೊದಲ ಕೆಪಾಸಿಟರಿನಿಂದ ಬರುವ ಕರೆಂಟ್, ರೆಸಿಸ್ಟರಿಗೂ ಎರಡನೆಯ ಕೆಪಾಸಿಟರಿಗೂ ಹೋಗುವ ಕರೆಂಟುಗಳ ಮೊತ್ತಕ್ಕೆ ಸಮ. ಎಲ್ಲವನ್ನೂ ಆರ್‌ನಿಂದ ಗುಣಿಸಿದರೆ

(ವಿ₁ − ವಿ-ನಡು)·ಯ = ವಿ-ನಡು + (ವಿ-ನಡು − ವಿ₂)·ಯ

ಕೊನೆಯ ಸಂಧಿಯಲ್ಲಿ

(ವಿ-ನಡು − ವಿ₂)·ಯ = ವಿ₂

ಎರಡನೆಯದರಿಂದ ವಿ-ನಡು = ವಿ₂·(1 + ಯ)/ಯ. ಇದನ್ನು ಮೊದಲನೆಯದರಲ್ಲಿ ಇಟ್ಟು ಯ ಇಂದ ಗುಣಿಸಿ ಬಿಡಿಸಿದರೆ

ವಿ₁·ಯ² = ವಿ₂·[(1 + ಯ)(1 + 2ಯ) − ಯ²]

ಆವರಣ ಬಿಡಿಸಿದಾಗ

ಎಚ್ = ಯ² / (1 + 3ಯ + ಯ²)

ಸುಮ್ಮನೆ ಗುಣಿಸಿದ್ದರೆ ಛೇದ 1 + 2ಯ + ಯ² ಆಗುತ್ತಿತ್ತು. ನಡುವಿನ ಅಂಕಿ 2ರ ಬದಲು 3 ಆದದ್ದಷ್ಟೇ ವ್ಯತ್ಯಾಸ, ಆದರೆ ಅದರ ಪರಿಣಾಮ ಸಣ್ಣದಲ್ಲ. 159 ಹರ್ಟ್ಸ್‌ನಲ್ಲಿ ಯ = ಜೆ, ಯ² = −1, ಹಾಗಾಗಿ ಛೇದದಲ್ಲಿ 3ಜೆ ಮಾತ್ರ ಉಳಿದು ಪರಿಮಾಣ ಮೂರನೆಯ ಒಂದು ಭಾಗ, 9.5 ಡೆಸಿಬೆಲ್ ಇಳಿತ. ತಪ್ಪು ಲೆಕ್ಕದಲ್ಲಿ ಅರ್ಧ, 6 ಡೆಸಿಬೆಲ್. 300 ಹರ್ಟ್ಸ್‌ನಲ್ಲಿ ನಿಜವಾದ ಇಳಿತ 4.8 ಡೆಸಿಬೆಲ್, ತಪ್ಪು ಲೆಕ್ಕ ಹೇಳುವುದು 2.2. ಅದೇ 50 ಹರ್ಟ್ಸ್‌ನಲ್ಲಿ ನಿಜದ್ದು 22.4, ತಪ್ಪಿನದು 20.9. ಅಂದರೆ ಲೋಡಿನ ತಪ್ಪಿಗೆ ದಂಡ ತೆರುವುದು ಗುಂಯ್ ಅಲ್ಲ, ಹಾಡು. 3 ಡೆಸಿಬೆಲ್ ಇಳಿಯುವ ನಿಜವಾದ ಜಾಗ ಹುಡುಕಬೇಕಾದರೆ ಕ್ಷದ ವಿಲೋಮವನ್ನು ವರ್ಗ ಮಾಡಿ ತ ಎಂದು ಕರೆದು ತ² + 7ತ = 1 ಎಂಬ ವರ್ಗ ಸಮೀಕರಣ ಬಿಡಿಸಿ; ತ = 0.140 ಬಂದು, ಕಟ್-ಆಫ್ 159ರ 2.67 ಪಟ್ಟು, ಸುಮಾರು 425 ಹರ್ಟ್ಸ್ ಆಗುತ್ತದೆ.

ಪರಿಹಾರ ಎರಡು ಬಗೆ. ಹಿಂದಿನ ಹಂತದಿಂದ ಕರೆಂಟ್ ಎಳೆಯದೆ ಅದೇ ವೋಲ್ಟೇಜನ್ನು ಮುಂದಕ್ಕೆ ಕೊಡುವ ಒಂದು ಆಪ್-ಆಂಪ್ ಬಫರನ್ನು ನಡುವೆ ಇಟ್ಟರೆ ಹಂತಗಳು ಒಂದನ್ನೊಂದು ಮುಟ್ಟುವುದಿಲ್ಲ, ಆಗ ಗುಣಾಕಾರ ನಿಜವಾಗಿಯೂ ಸರಿ. ಬ್ಯಾಟರಿಯ ತಾಪತ್ರಯ ಬೇಡವೆಂದಾದರೆ ಎರಡನೆಯ ಹಂತದ ರೆಸಿಸ್ಟರನ್ನು ಹತ್ತು ಪಟ್ಟು ಮಾಡಿ ಕೆಪಾಸಿಟರನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿ: 100 ಕಿಲೋಓಮ್ ಮತ್ತು 0.01 ಮೈಕ್ರೊಫ್ಯಾರಡ್. ಆರ್·ಸಿ ಹಾಗೇ ಉಳಿಯುತ್ತದೆ. ಮೇಲಿನ ಎರಡು ಸಮೀಕರಣಗಳಲ್ಲಿ ಈ ಬದಲಾವಣೆ ಮಾಡಿ ಬಿಡಿಸಿದರೆ ನಡುವಿನ ಅಂಕಿ 2 + 1/10, ಅಂದರೆ 2.1ಕ್ಕೆ ಬರುತ್ತದೆ. ಇದನ್ನು ಓದುಗರು ಕೈಯಾರೆ ಒಮ್ಮೆ ಮಾಡಿ ನೋಡಲಿ. ಈ ವಿಷಯದಲ್ಲಿ ಹತ್ತು ನಿದರ್ಶನ ಓದುವುದಕ್ಕಿಂತ ಇದೊಂದು ಬಿಡಿಸುವಿಕೆ ಹೆಚ್ಚು ಕಲಿಸುತ್ತದೆ.

ಕಾಯಿಲ್ ಸೇರಿಸಿದಾಗ

ರೆಸಿಸ್ಟರ್, ಕಾಯಿಲ್, ಕೆಪಾಸಿಟರ್ ಮೂರೂ ಒಂದೇ ಸಾಲಿನಲ್ಲಿದ್ದರೆ ಒಟ್ಟು ಇಂಪೀಡೆನ್ಸ್ ಆರ್ + ಎಸ್·ಎಲ್ + 1/(ಎಸ್·ಸಿ). ಎಸ್·ಸಿ ಇಂದ ಗುಣಿಸಿದಾಗ ಎಲ್ಲ ಉತ್ತರಗಳಿಗೂ ಒಂದೇ ಛೇದ:

1 + ಎಸ್·ಆರ್·ಸಿ + ಎಸ್²·ಎಲ್·ಸಿ

ವಿ₂ವನ್ನು ಕೆಪಾಸಿಟರಿನ ಮೇಲೆ ತೆಗೆದರೆ ಅಂಶ 1, ಅದು ಲೋ-ಪಾಸ್. ರೆಸಿಸ್ಟರಿನ ಮೇಲೆ ತೆಗೆದರೆ ಅಂಶ ಎಸ್·ಆರ್·ಸಿ, ನಡುವಿನ ಪಟ್ಟಿಯನ್ನಷ್ಟೇ ಬಿಡುವ ಬ್ಯಾಂಡ್-ಪಾಸ್. ಕಾಯಿಲಿನ ಮೇಲೆ ತೆಗೆದರೆ ಎಸ್²·ಎಲ್·ಸಿ, ಹೈ-ಪಾಸ್. ಕಾಯಿಲ್ ಮತ್ತು ಕೆಪಾಸಿಟರ್ ಎರಡರ ಮೇಲೂ ಒಟ್ಟಾಗಿ ತೆಗೆದರೆ 1 + ಎಸ್²·ಎಲ್·ಸಿ. ಒಮೆಗಾ 1/√(ಎಲ್·ಸಿ) ಆದಾಗ ಇದು ಸೊನ್ನೆಯಾಗುವುದರಿಂದ ಒಂದೇ ಆವೃತ್ತಿಯನ್ನು ಕೊಲ್ಲುವ ನಾಚ್ ಫಿಲ್ಟರ್.

ಹಾಗಾದರೆ 50 ಹರ್ಟ್ಸ್‌ಗೆ ನಾಚ್ ಮಾಡಿದರೆ ಗುಂಯ್ ಮಾತ್ರ ಹೋಗಿ ಉಳಿದದ್ದೆಲ್ಲ ಉಳಿಯುವುದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 1 ಹೆನ್ರಿಯ ಕಾಯಿಲಿಗೆ ಬೇಕಾದ ಕೆಪಾಸಿಟರ್ 10.1 ಮೈಕ್ರೊಫ್ಯಾರಡ್. ಆರ್ 1 ಕಿಲೋಓಮ್ ಎಂದಿಟ್ಟುಕೊಂಡರೆ ನಾಚಿನ ಅಗಲ ಆರ್/(2·ಪೈ·ಎಲ್), ಅಂದರೆ 159 ಹರ್ಟ್ಸ್. ಅದು ಸುಮಾರು 14ರಿಂದ 174 ಹರ್ಟ್ಸ್‌ವರೆಗೆ ಬಾಯಿ ತೆರೆದಿರುತ್ತದೆ. ಎರಡು ರೂಪಾಯಿಯ ಕೆಪಾಸಿಟರ್ ಮಾಡುತ್ತಿದ್ದ ಕೆಲಸವನ್ನು ಅರ್ಧ ಕಿಲೋ ತೂಕದ ಕಾಯಿಲಿನಿಂದ ಮಾಡಿಸಿದಂತಾಯಿತು. ಅಗಲ ಕುಗ್ಗಿಸಲು ಆರ್ ಅನ್ನು 100 ಓಮ್‌ಗೆ ಇಳಿಸಿದರೆ ಇನ್ನೊಂದು ತೊಡಕು ಕಾದಿರುತ್ತದೆ. ಅಷ್ಟು ಸುತ್ತಿನ ತಾಮ್ರದ ತಂತಿಗೆ ತನ್ನದೇ ರೋಧ ಇರುತ್ತದೆ. ಅದೂ 100 ಓಮ್ ಎನ್ನೋಣ. ಆಗ ನಾಚಿನ ತಳದಲ್ಲಿ ಉಳಿಯುವ ಪರಿಮಾಣ ಸೊನ್ನೆಯಲ್ಲ, 100/(100 + 100), ಅಂದರೆ ಅರ್ಧ. ಬರೀ 6 ಡೆಸಿಬೆಲ್. ಟ್ರಾನ್ಸ್‌ಫರ್ ಫಂಕ್ಷನ್ ಬರೆಯುವಾಗ ಕಾಯಿಲನ್ನು ಎಸ್·ಎಲ್ ಎಂದಷ್ಟೇ ಬರೆಯದೆ ಅದರ ರೋಧವನ್ನೂ ಕೂಡಿಸಿ ಬರೆದವನಿಗೆ ಇದು ಕಾಯಿಲ್ ಸುತ್ತುವ ಮೊದಲೇ ತಿಳಿಯುತ್ತದೆ. ಮೈಕ್‌ಸೆಟ್ಟಿಗೆ ಕಾಯಿಲಿನ ನಾಚ್ ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲದೆ ಪವರ್ ಸಪ್ಲೈಯ ಫುಲ್‌ವೇವ್ ರೆಕ್ಟಿಫೈಯರಿನಿಂದ ಬರುವ ಗುಂಯ್ 100 ಹರ್ಟ್ಸ್‌ನದು. 50ರ ನಾಚ್ ಅದಕ್ಕೆಂದು ಮಾಡಿದ್ದೇ ಅಲ್ಲ.

ಕಟ್ಟಿದ ಮೇಲೆ ಅಳೆಯುವುದು

ಬಿಡಿಭಾಗಗಳ ಮೇಲೆ ಬರೆದ ಬೆಲೆ ನಿಖರವಲ್ಲ. ರೆಸಿಸ್ಟರಿನಲ್ಲಿ ಶೇಕಡಾ 5, ಕೆಪಾಸಿಟರಿನಲ್ಲಿ ಶೇಕಡಾ 10 ಹೆಚ್ಚುಕಡಿಮೆ ಇದ್ದರೆ, 159 ಹರ್ಟ್ಸ್‌ನ ಕಟ್-ಆಫ್ 138ರಿಂದ 186ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅಗ್ಗದ ಸೆರಾಮಿಕ್ ಬಿಲ್ಲೆಗಳಿಗಿಂತ ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಆಯ್ದುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಬೋರ್ಡಿನ ಮೇಲೆ ತೇವ ಕೂತು 100 ಕಿಲೋಓಮ್‌ನಂಥ ದೊಡ್ಡ ಬೆಲೆಗಳ ಪಕ್ಕದಲ್ಲಿ ಕರೆಂಟ್ ಸೋರುವುದೂ ಉಂಟು, ಬೆಸುಗೆಯಾದ ಮೇಲೆ ವಾರ್ನಿಷ್ ಬಳಿಯುವುದು ಒಳ್ಳೆಯದು.

ಅಳೆಯಲು ಮೊಬೈಲಿನ ಟೋನ್ ಜನರೇಟರ್ ಆಪ್ ಸಾಕು; 50, 159, 500 ಹರ್ಟ್ಸ್ ಮೂರರಲ್ಲಿ ವಿ₁ ಮತ್ತು ವಿ₂ ಎರಡನ್ನೂ ನೋಡಿ ಭಾಗಿಸಿ. ಪೇಟೆಯ ಅಗ್ಗದ ಮಲ್ಟಿಮೀಟರ್‌ಗಳಲ್ಲಿ ಎಸಿಯ ಅತಿ ಕಡಿಮೆ ರೇಂಜೇ 200 ವೋಲ್ಟ್ ಇರುವುದರಿಂದ ಮೊಬೈಲಿನ ಅರ್ಧ ವೋಲ್ಟ್ ಅದಕ್ಕೆ ಕಾಣುವುದೇ ಇಲ್ಲ, ಆಸಿಲೋಸ್ಕೋಪ್ ಬೇಕು. ಅದರ ಇನ್‌ಪುಟ್ ರೋಧ ಸಾಮಾನ್ಯವಾಗಿ 1 ಮೆಗಾಓಮ್. 10 ಕಿಲೋಓಮ್‌ನ ಒಂಟಿ ಹಂತಕ್ಕೆ ಅದರಿಂದ ಬರುವ ವ್ಯತ್ಯಾಸ ಶೇಕಡಾ 1. ಆದರೆ 100 ಕಿಲೋಓಮ್‌ನಲ್ಲಿ ಮುಗಿಯುವ ಎರಡು ಹಂತದ ಫಿಲ್ಟರಿನಲ್ಲಿ ಕೊನೆಯ ರೆಸಿಸ್ಟರ್ 91 ಕಿಲೋಓಮ್ ಆದಂತೆ ಕಾಣುತ್ತದೆ. ಪ್ರೋಬನ್ನು 10 ಪಟ್ಟಿನ ಸ್ಥಾನಕ್ಕೆ ತಿರುಗಿಸಿದರೆ ಇನ್‌ಪುಟ್ ರೋಧ 10 ಮೆಗಾಓಮ್ ಆಗಿ ವ್ಯತ್ಯಾಸ ಮತ್ತೆ ಶೇಕಡಾ 1ಕ್ಕೆ ಇಳಿಯುತ್ತದೆ. ಅಳತೆ ಮುಗಿದ ಬಳಿಕ ಆಂಪ್ಲಿಫೈಯರಿನ ಇನ್‌ಪುಟ್ಟಿಗೆ ಸಮನಾದ ಒಂದು ರೆಸಿಸ್ಟರನ್ನು ವಿ₂ಕ್ಕೆ ಅಡ್ಡವಾಗಿ ಹಿಡಿದು ಮೂರೂ ಆವೃತ್ತಿಗಳಲ್ಲಿ ಮತ್ತೊಮ್ಮೆ ಓದಿ ಬರೆದುಕೊಳ್ಳಿ, ಏಕೆಂದರೆ ಆಟದ ರಾತ್ರಿ ಕೇಳಿಸುವುದು ಆ ಎರಡನೆಯ ಪಟ್ಟಿ.